ಮೈಲುತುತ್ತು ನಮ್ಮ ಬದಿಗೆ ಯಾವಾಗ ಬಂತು?

ಕಳೆದ ವರ್ಷ ಜೂನ್ ಮೊದಲ ವಾರ. ಮಳೆ ಇನ್ನೂ ಹಿಡಿದಿರಲಿಲ್ಲ, ಮೋಡ ಮಾತ್ರ ಕಟ್ಟಿತ್ತು. ಅಡಿಕೆ ಮರ ಹತ್ತುವ ಕೊನೆಗೌಡ ಬಂದು ಜಗುಲಿ ಕಟ್ಟೆ ಮೇಲೆ ಕೂತು ಚಾ ಕುಡಿಯುತ್ತಿದ್ದ. ಅಂಗಳದಲ್ಲಿ ಅಪ್ಪಯ್ಯ ಅಡಿಕೆ ಕೊನೆಗೆ ಹೊಡೆಯುವ ಬೋರ್ಡೋ ಔಷಧಿ ತಯಾರು ಮಾಡುತ್ತಿದ್ದ. ಒಂದು ಡ್ರಮ್ಮಿನಲ್ಲಿ ಕರಗಿದ ಮೈಲುತುತ್ತು, ಇನ್ನೊಂದರಲ್ಲಿ ಸುಣ್ಣದ ತಿಳಿ. ನೂರು ಲೀಟರ್ ನೀರಿಗೆ ಒಂದು ಕಿಲೋ ತುತ್ತು, ಒಂದು ಕಿಲೋ ಸುಣ್ಣ, ಇದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಎರಡೂ ಬೆರೆತ ಮೇಲೆ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ಎತ್ತಿ ಬೆಳಕಿಗೆ ಹಿಡಿದ. ಅಲಗಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ ಅರ್ಥ. ಹತ್ತಿರಲಿಲ್ಲ. ಕತ್ತಿ ಒರೆಸುತ್ತಾ ಅಪ್ಪಯ್ಯ ನನ್ನನ್ನು ಕೇಳಿದ: "ಈ ಮೈಲುತುತ್ತು ನಮ್ಮ ಬದಿಗೆ ಯಾವಾಗ ಬಂತು ಹೇಳಿ ಎಲ್ಲಾದ್ರೂ ಬರೆದಿಟ್ಟಿದ್ವೋ ನೋಡು ತಂಗಿ."

ಕೇಳಲು ಕಾರಣ ಇತ್ತು. ನಮ್ಮೂರ ಸಹಕಾರಿ ಸಂಘದವರು ನೆನಪಿನ ಸಂಚಿಕೆ ತರುವವರಿದ್ದರು. ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗದ ಬಗ್ಗೆ ಒಂದು ಲೇಖನ ಬರೆದುಕೊಡು ಅಂತ ನನಗೆ ಹೇಳಿದ್ದರು. ನಾನು ಶಿರಸಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಎರಡು ದಿನದ ಕೆಲಸ ಅಂದುಕೊಂಡು ಒಪ್ಪಿದೆ. ಕೊನೆಕೊಯ್ಲು ಮುಗಿಯುವವರೆಗೆ ಹಿಡಿಯಿತು. ಆ ಆರು ತಿಂಗಳಲ್ಲಿ ಕೊಳೆರೋಗದ ಬಗ್ಗೆ ಕಲಿತದ್ದಕ್ಕಿಂತ ಜಾಸ್ತಿ ಹುಡುಕುವುದರ ಬಗ್ಗೆ ಕಲಿತೆ. ನಮ್ಮ ಬದಿಯವರು ಯಾರಾದರೂ ಹೀಗೇ ತಮ್ಮ ಊರಿನ, ಬೆಳೆಯ, ಮನೆತನದ ವಿಷಯ ಹುಡುಕಲು ಹೊರಟಿದ್ದರೆ ನಾನು ಕಳೆದುಕೊಂಡ ದಿನಗಳನ್ನು ಅವರು ಕಳೆದುಕೊಳ್ಳಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲ ದಿನ ಮೊಬೈಲಿನಲ್ಲಿ "ಅಡಿಕೆ ಕೊಳೆ ರೋಗ" ಅಂತ ಹಾಕಿದೆ. ಸಿಕ್ಕಿದ್ದೆಲ್ಲ ಈಗಿನ ವಿಷಯ. ಯಾವಾಗ ಹೊಡೆಯಬೇಕು, ಎಷ್ಟು ಹೊಡೆಯಬೇಕು, ಯಾವ ಕಂಪನಿಯ ಔಷಧಿ ಒಳ್ಳೆಯದು, ಒಂದರ ಹಿಂದೆ ಒಂದು ವಿಡಿಯೊ. ಇತಿಹಾಸ ಒಂದು ಸಾಲೂ ಇಲ್ಲ. ಸರಿ, ಇಂಗ್ಲಿಷಿನಲ್ಲಿ ನೋಡೋಣ ಅಂತ, ಸಂಶೋಧನಾ ಲೇಖನ ಹುಡುಕಿಕೊಡುವ ಗೂಗಲ್ ಸ್ಕಾಲರ್ ತೆರೆದು "ಬೀಟಲ್ ನಟ್ ಡಿಸೀಸ್" ಅಂತ ಹಾಕಿದೆ. ಪುಟ ತುಂಬಾ ಬಾಯಿ ಕ್ಯಾನ್ಸರ್. ಅಡಿಕೆಗೆ ಬರುವ ರೋಗ ಕೇಳಿದರೆ ಅಡಿಕೆಯಿಂದ ಬರುವ ರೋಗ ತೋರಿಸುತ್ತಿದೆ. ಯಂತ್ರದ ತಪ್ಪಲ್ಲ. ಸಂಶೋಧನಾ ಲೇಖನಗಳಲ್ಲಿ "ಬೀಟಲ್ ನಟ್" ಅನ್ನುವ ಶಬ್ದವನ್ನು ಹೆಚ್ಚಾಗಿ ಬಳಸುವವರು ವೈದ್ಯರು. ತೋಟದ ವಿಜ್ಞಾನಿಗಳು ಬರೆಯುವುದು "ಅರೆಕಾನಟ್" ಅಂತ. ಅದರಲ್ಲೂ ಕೆಲವರು ಒಂದೇ ಶಬ್ದವಾಗಿ, ಕೆಲವರು "ಅರೆಕಾ ನಟ್" ಅಂತ ಬಿಡಿಸಿ.

ಆಮೇಲೆ ನನಗೊಂದು ಉಪಾಯ ಹೊಳೆಯಿತು. ಕೊಳೆರೋಗ ಅನ್ನುವ ನಮ್ಮ ಶಬ್ದವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹಾಕಿದರೆ? ಹಾಕಿದೆ. ಸಾಲು ಸಾಲು ಬಂತು! ಖುಷಿಯಾಗಿ ಒಂದೊಂದೇ ತೆರೆದು ನೋಡಿದರೆ ಅರ್ಧಕ್ಕರ್ಧ ಕಾಫಿ. ಕಾಫಿ ಗಿಡದ ಎಲೆ ಕಪ್ಪಾಗಿ ಕೊಳೆಯುವ ರೋಗಕ್ಕೂ ಮಲೆನಾಡಿನಲ್ಲಿ ಕೊಳೆರೋಗ ಅಂತಲೇ ಹೇಳುತ್ತಿದ್ದರು. ಇಂಗ್ಲೆಂಡಿನ ಕುಕ್ ಎಂಬ ಶಿಲೀಂಧ್ರ ತಜ್ಞ 1876ರಲ್ಲಿ ಅದರ ಶಿಲೀಂಧ್ರಕ್ಕೆ ಹೆಸರಿಡುವಾಗ "ಪೆಲಿಕ್ಯುಲೇರಿಯಾ ಕೊಲೆರೋಗ" ಅಂತ ಇಟ್ಟ. ಕನ್ನಡದ ಶಬ್ದ ಹೋಗಿ ಲ್ಯಾಟಿನ್ ಹೆಸರಿನೊಳಗೆ ಕೂತುಬಿಟ್ಟಿತು. ಇದನ್ನು ಓದಿದಾಗ ನಿಜಕ್ಕೂ ಹೆಮ್ಮೆ ಅನಿಸಿತು. ಆದರೆ ನನ್ನ ಕೆಲಸಕ್ಕೆ ಅದು ತೊಡಕು. ಒಂದೇ ಹೆಸರು, ಎರಡು ಬೆಳೆ, ಎರಡು ಬೇರೆ ಬೇರೆ ರೋಗಾಣು.

ಅಷ್ಟರಲ್ಲಿ ಮಳೆ ಹಿಡಿಯಿತು. ನಮ್ಮಲ್ಲಿ ಮಳೆ ಹಿಡಿಯಿತು ಅಂದರೆ ಕರೆಂಟು ಹೋಯಿತು, ಕರೆಂಟು ಹೋದರೆ ಟವರ್ ಹೋಯಿತು. ಮನೆಯ ಮೇಲಿನ ಧರೆಯ ದಿಬ್ಬ ಹತ್ತಿ ಹಲಸಿನ ಮರದ ಬುಡದಲ್ಲಿ ಕೊಡೆ ಹಿಡಿದು ನಿಂತರೆ ಸಂಜೆ ಅರ್ಧ ಗಂಟೆ ಸಿಗ್ನಲ್ ಸಿಗುತ್ತದೆ, ಅದೂ ದೇವರಿಚ್ಛೆ. ಆ ಅರ್ಧ ಗಂಟೆಯಲ್ಲಿ ಸುಮ್ನೆ ಏನೇನೋ ಹಾಕಿ ನೋಡುತ್ತಾ ಕೂರುವ ಹಾಗಿಲ್ಲ. ಹಾಗಾಗಿ ಮನೆಯಲ್ಲಿ ಕೂತು, ಏನು ಹಾಕಬೇಕು ಅಂತ ಮೊದಲೇ ಬರೆದುಕೊಂಡು ಹೋಗುವ ರೂಢಿ ಮಾಡಿದೆ. ಈಗ ಹಿಂದಿರುಗಿ ನೋಡಿದರೆ ನನ್ನ ಹುಡುಕಾಟಕ್ಕೆ ದಾರಿ ಸಿಕ್ಕಿದ್ದೇ ಅಲ್ಲಿ.

ಹರಿದ ಕ್ಯಾಲೆಂಡರಿನ ಹಾಳೆ ತಗೊಂಡೆ. ಹಿಂಬದಿಯಲ್ಲಿ ನಾಲ್ಕು ಉದ್ದ ಗೆರೆ ಎಳೆದೆ. ಅಪ್ಪಯ್ಯನ ಪ್ರಶ್ನೆಯನ್ನು ತುಂಡು ಮಾಡಿದರೆ ಏನೇನಿದೆ? ಒಂದು ಬೆಳೆ, ಒಂದು ರೋಗ, ಒಂದು ಔಷಧಿ, ಒಂದು ಜಾಗ. ನಾಲ್ಕು ಕಂಬ ಸಾಲು. ಪ್ರತಿಯೊಂದರ ಕೆಳಗೆ ಆ ವಸ್ತುವಿಗೆ ಯಾರ್ಯಾರು ಏನೇನು ಹೆಸರು ಕರೆದಿರಬಹುದು ಅಂತ ಬರೆಯುತ್ತಾ ಹೋದೆ. ನಾನು ಏನು ಕರೆಯುತ್ತೇನೆ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ಬರೆದವನು ಏನು ಕರೆದಿದ್ದ, ಅದನ್ನು ಲೈಬ್ರರಿಯಲ್ಲಿ ದಾಖಲಿಸಿದವನು ಏನು ಕರೆದ, ಅದೇ ಮುಖ್ಯ.

ಬೆಳೆಯ ಕೆಳಗೆ ಅರೆಕಾನಟ್, ಅರೆಕಾ ನಟ್, ಬೀಟಲ್ ನಟ್, ಸುಪಾರಿ, ಅರೆಕಾ ಪಾಮ್, ಅರೆಕಾ ಕ್ಯಾಟೆಚು. ಸುಪಾರಿ ಅನ್ನುವುದು ಮುಂಬೈ ಕಡೆಯವರ ಶಬ್ದ. ನಮ್ಮ ಜಿಲ್ಲೆ ಆಗ ಮುಂಬೈಗೆ ಸೇರಿತ್ತಲ್ಲ, ಅವರ ಅಧಿಕಾರಿಗಳು ಅದನ್ನೇ ಬಳಸಿರುವ ಸಾಧ್ಯತೆ ಇತ್ತು. ರೋಗದ ಕೆಳಗೆ ಕೊಲೆರೋಗ, ಫ್ರುಟ್ ರಾಟ್, ನಟ್ ಫಾಲ್, ಜೊತೆಗೆ ಮಹಾಳಿ. ಕೇರಳದ ಕಡೆಯ ಬರಹಗಳಲ್ಲಿ ಮಹಾಳಿ ಅಂತಲೇ ಇರುತ್ತದೆ. ಔಷಧಿಯ ಕೆಳಗೆ ಬೋರ್ಡೋ, ಕಾಪರ್ ಸಲ್ಫೇಟ್, ಅದರ ಹಳೆಯ ವ್ಯಾಪಾರಿ ಹೆಸರು ಬ್ಲೂ ವಿಟ್ರಿಯಾಲ್. ಬೋರ್ಡೋ ಅನ್ನುವುದನ್ನು ನಾವು ಹೇಳಿದ ಹಾಗೆ ಅಕ್ಷರ ಜೋಡಿಸಿ ಹಾಕಿದರೆ ಲೈಬ್ರರಿ ಕ್ಯಾಟಲಾಗ್ ಏನೂ ತೋರಿಸುವುದಿಲ್ಲ. ಅದು ಫ್ರಾನ್ಸಿನ ಊರಿನ ಹೆಸರು. 1885ರ ಹೊತ್ತಿಗೆ ಅಲ್ಲಿ ಮಿಯಾರ್ದೆ ಎಂಬ ಪ್ರೊಫೆಸರ್ ದ್ರಾಕ್ಷಿಯ ರೋಗಕ್ಕೆ ಈ ಮಿಶ್ರಣ ಪ್ರಕಟಿಸಿದ್ದು. ಇಂಗ್ಲಿಷಿನಲ್ಲಿ ಆ ಹೆಸರಿನ ಕೊನೆಯಲ್ಲಿ ಇ, ಎ, ಯು, ಎಕ್ಸ್ ಅಂತ ನಾಲ್ಕು ಅಕ್ಷರ ಬರುತ್ತದೆ. ಗೂಗಲ್ ಆದರೆ "ನೀವು ಕೇಳಿದ್ದು ಇದೋ" ಅಂತ ತಿದ್ದುತ್ತದೆ. ಎಷ್ಟೋ ಲೈಬ್ರರಿ ಕ್ಯಾಟಲಾಗುಗಳು ತಿದ್ದುವುದಿಲ್ಲ, ಸೊನ್ನೆ ಫಲಿತಾಂಶ ಅಂತ ಹೇಳಿ ಸುಮ್ಮನಾಗುತ್ತವೆ. ಸೊನ್ನೆ ಬಂದರೆ ಪುಸ್ತಕ ಇಲ್ಲ ಅಂತ ನಂಬಬೇಡಿ, ಮೊದಲು ಅಕ್ಷರ ನೋಡಿ.

ಜಾಗದ ಕಂಬ ನನಗೆ ಹೆಚ್ಚು ಕಲಿಸಿತು. ಎರಡು ವಾರ ನಾನು "ಉತ್ತರ ಕನ್ನಡ", "ಕರ್ನಾಟಕ" ಅಂತ ಹಾಕಿ ಹುಡುಕಿದ್ದೆ. ನೂರು ವರ್ಷದ ಹಿಂದೆ ಇಂಗ್ಲಿಷಿನಲ್ಲಿ ಬರೆದ ಅಧಿಕಾರಿ ನಮ್ಮ ಜಾಗಕ್ಕೆ ಈ ಹೆಸರುಗಳನ್ನು ಏಕೆ ಬಳಸುತ್ತಾನೆ? ನಮ್ಮ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಹೋಯಿತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಉತ್ತರ ಕನ್ನಡ ಅನ್ನುವ ಹೆಸರು ಅಧಿಕೃತವಾಗಿದ್ದು 1977ರಲ್ಲಿ. ಅದಕ್ಕೂ ಮೊದಲಿನದ್ದೆಲ್ಲ ನಾರ್ತ್ ಕೆನರಾ, ಅಥವಾ ಬರೀ ಕೆನರಾ. ಆ ಕೆನರಾ ಕೂಡ ಒಮ್ಮೆ ಕೆ ಅಕ್ಷರದಿಂದ, ಒಮ್ಮೆ ಸಿ ಅಕ್ಷರದಿಂದ. 1883ರ ನಮ್ಮ ಜಿಲ್ಲೆಯ ಗೆಜೆಟಿಯರ್, ಅಂದರೆ ಸರಕಾರದ ಜಿಲ್ಲಾ ವಿವರಗಳ ಗ್ರಂಥ, ಹುಡುಕುವವರಿಗೆ ಇದನ್ನು ಒತ್ತಿ ಹೇಳುತ್ತೇನೆ. ಅದರ ಹೆಸರು ಬಾಂಬೆ ಪ್ರೆಸಿಡೆನ್ಸಿಯ ಗೆಜೆಟಿಯರ್, 15ನೇ ಸಂಪುಟ, ಕೆನರಾ, ಎರಡು ಭಾಗ. ಕೆಲವು ಲೈಬ್ರರಿಗಳು ಇಡೀ ಸರಣಿಗೆ ಒಂದೇ ದಾಖಲೆ ಮಾಡಿರುತ್ತವೆ, ಹಾಗಾಗಿ ಒಳಗಿನ ಸಂಪುಟದ ಹೆಸರು ಹಾಕಿದರೆ ಬರುವುದೇ ಇಲ್ಲ. ಸರಣಿಯ ಹೆಸರು ಹಾಕಿ ಒಳಗೆ ಹೋಗಬೇಕು.

ಊರುಗಳೂ ಹಾಗೇ. ಹೊನ್ನಾವರ ಹಳೆಯ ಬರಹಗಳಲ್ಲಿ ಓನೋರ್ ಆಗಿರುತ್ತದೆ. ಸೋಂದೆ ಸೂಂಡಾ ಆಗಿರುತ್ತದೆ. ಕಾರವಾರ ಒಮ್ಮೆ ಕೆ, ಒಮ್ಮೆ ಸಿ. ಬರೆದವರ ಹೆಸರೂ ಬದಲಾಗುತ್ತದೆ. 1801ರಲ್ಲಿ ನಮ್ಮ ಜಿಲ್ಲೆ ದಾಟಿ ಹೋದ ಫ್ರಾನ್ಸಿಸ್ ಬುಕಾನನ್ ಆಮೇಲೆ ಹ್ಯಾಮಿಲ್ಟನ್ ಅಂತ ಹೆಸರು ಬದಲಿಸಿಕೊಂಡ. ಅವನ 1807ರ ಪ್ರವಾಸ ಕಥನ ಒಂದು ಕಡೆ ಬಿ ಅಕ್ಷರದಲ್ಲಿದ್ದರೆ ಇನ್ನೊಂದು ಕಡೆ ಎಚ್ ಅಕ್ಷರದಲ್ಲಿ ಇರಬಹುದು.

ಇನ್ನೊಂದು ವಿಷಯ ಹೊಳೆದಾಗ ನನಗೆ ರೋಮಾಂಚನವೇ ಆಯಿತು. ಸಾಗರ ನಮಗೆ ಎಷ್ಟು ಹತ್ತಿರ, ಅಲ್ವಾ? ನೆಂಟರು, ಮದುವೆ, ಅಡಿಕೆ ವ್ಯಾಪಾರ ಎಲ್ಲ ಆ ಕಡೆಗೂ ಇದೆ. ಆದರೆ ಆಗ ಸಾಗರ ಮೈಸೂರು ಸಂಸ್ಥಾನ, ಶಿರಸಿ ಬ್ರಿಟಿಷ್ ಮುಂಬೈ. ಒಂದೇ ರೋಗ, ಒಂದೇ ಮಳೆ, ಎರಡು ಸರಕಾರ. ಅಂದರೆ ಎರಡು ಕೃಷಿ ಇಲಾಖೆ, ಎರಡು ವರದಿ, ಎರಡು ಲೈಬ್ರರಿಯ ಕಪಾಟು. ನಾನು ಹುಡುಕಬೇಕಾದದ್ದು ಒಂದು ಕಡೆ ಅಲ್ಲ, ಎರಡು ಕಡೆ.

ಈಗ ಈ ಕಂಬಗಳನ್ನು ಜೋಡಿಸುವುದು. ಇದು ತುಂಬಾ ಸುಲಭ, ಒಮ್ಮೆ ಮಾಡಿದರೆ ಮರೆಯುವುದಿಲ್ಲ. ಒಂದೇ ಕಂಬದೊಳಗಿನ ಹೆಸರುಗಳ ನಡುವೆ "ಆರ್" ಹಾಕಬೇಕು, ಇದಾದರೂ ಆದೀತು ಅದಾದರೂ ಆದೀತು ಅನ್ನುವ ಹಾಗೆ. ಒಂದು ಕಂಬಕ್ಕೂ ಇನ್ನೊಂದಕ್ಕೂ ನಡುವೆ "ಆ್ಯಂಡ್" ಹಾಕಬೇಕು, ಇದೂ ಬೇಕು ಅದೂ ಬೇಕು ಅನ್ನುವ ಹಾಗೆ. ಪ್ರತಿ ಕಂಬವನ್ನು ಆವರಣ ಚಿಹ್ನೆಯೊಳಗೆ ಕೂರಿಸಬೇಕು, ಇಲ್ಲದಿದ್ದರೆ ಯಾವುದು ಯಾವುದಕ್ಕೆ ಸೇರಿದ್ದು ಅಂತ ಯಂತ್ರಕ್ಕೆ ತಿಳಿಯುವುದಿಲ್ಲ. ಎರಡು ಶಬ್ದ ಜೊತೆಯಾಗಿಯೇ ಬರಬೇಕು ಅಂದರೆ ಉದ್ಧರಣ ಚಿಹ್ನೆ. "ಫ್ರುಟ್ ರಾಟ್" ಅನ್ನುವುದಕ್ಕೆ ಅದು ಬೇಕೇ ಬೇಕು, ಇಲ್ಲವಾದರೆ ಹಣ್ಣು ಒಂದು ಕಡೆ, ಕೊಳೆತ ಇನ್ನೊಂದು ಕಡೆ ಇರುವ ಬರಹಗಳೆಲ್ಲ ಬರುತ್ತವೆ.

ನಾಲ್ಕೂ ಕಂಬವನ್ನು ಒಟ್ಟಿಗೆ ಹಾಕಿದಾಗ ಏನೂ ಬರಲಿಲ್ಲ. ಎದೆ ಧಸಕ್ಕೆಂದಿತು. ಆಮೇಲೆ ಜಾಗದ ಕಂಬ ತೆಗೆದು ಮೂರೇ ಹಾಕಿದೆ. ಬಂತು. ಒಂದು ಸಲಕ್ಕೆ ಒಂದೇ ಕಂಬ ತೆಗೆಯುವುದು, ಸೇರಿಸುವುದು, ಹೀಗೆ ಮಾಡಿದರೆ ಯಾವ ಶಬ್ದ ದಾರಿ ಕಟ್ಟುತ್ತಿದೆ ಅಂತ ಕಾಣುತ್ತದೆ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಏನೂ ತಿಳಿಯುವುದಿಲ್ಲ.

"ನಾಟ್" ವಿಷಯದಲ್ಲಿ ಒಂದು ಎಚ್ಚರಿಕೆ. ಕ್ಯಾನ್ಸರ್ ಕಾಟ ತಪ್ಪಿಸಲು ನಾನು ಕ್ಯಾನ್ಸರ್ ಶಬ್ದವನ್ನು "ನಾಟ್" ಹಾಕಿ ತೆಗೆದಿದ್ದೆ. ಗೂಗಲ್ ಸ್ಕಾಲರಿನಲ್ಲಿ ಅದೇ ಕೆಲಸಕ್ಕೆ ಶಬ್ದದ ಮೊದಲು ಕಳೆಯುವ ಚಿಹ್ನೆ ಹಾಕಬೇಕು. ಫಲಿತಾಂಶ ಅಚ್ಚುಕಟ್ಟಾಯಿತು. ಆದರೆ ತಿಂಗಳ ನಂತರ ಬೇರೆ ದಾರಿಯಲ್ಲಿ ಒಂದು ಒಳ್ಳೆಯ ಅವಲೋಕನ ಲೇಖನ ಸಿಕ್ಕಿತು, ಅಡಿಕೆಯ ಎಲ್ಲ ರೋಗಗಳ ಇತಿಹಾಸ ಅದರಲ್ಲಿತ್ತು. ಮೊದಲೇ ಏಕೆ ಸಿಗಲಿಲ್ಲ ಅಂತ ನೋಡಿದರೆ, ಪೀಠಿಕೆಯಲ್ಲಿ ಒಂದೇ ಒಂದು ಕಡೆ ಕ್ಯಾನ್ಸರ್ ಅಂತ ಇದೆ! ಆ ಒಂದು ಶಬ್ದಕ್ಕಾಗಿ ಇಡೀ ಲೇಖನ ನನ್ನ ಕಣ್ಣಿಂದ ತಪ್ಪಿಹೋಗಿತ್ತು. ಅಂದಿನಿಂದ ಬೇಡದ್ದನ್ನು ತೆಗೆಯುವ ಬದಲು ಬೇಕಾದ್ದನ್ನು ಸೇರಿಸುತ್ತೇನೆ. ರೋಗಾಣುವಿನ ಹೆಸರು "ಫೈಟಾಫ್ತೊರಾ" ಅಂತ ಒಂದು ಸೇರಿಸಿದರೆ ಸಾಕು, ಕ್ಯಾನ್ಸರೂ ಹೋಯಿತು, ಕಾಫಿಯ ಕೊಳೆಯೂ ಹೋಯಿತು.

ಶಬ್ದದ ತುದಿಗೆ ನಕ್ಷತ್ರ ಚಿಹ್ನೆ ಹಾಕಿದರೆ ಅದರ ಎಲ್ಲ ರೂಪಗಳೂ ಬರುತ್ತವೆ ಅಂತ ಎಲ್ಲರೂ ಹೇಳುತ್ತಾರೆ. ಎಷ್ಟೋ ಡೇಟಾಬೇಸುಗಳಲ್ಲಿ ಅದು ನಿಜ. ಗೂಗಲ್ ಸ್ಕಾಲರಿನಲ್ಲಿ ಮಾತ್ರ ನಡೆಯುವುದಿಲ್ಲ. ಅಲ್ಲಿ ನನಗೆ ಉಪಯೋಗಕ್ಕೆ ಬಂದದ್ದು ಎಡಬದಿಯ ವರ್ಷದ ಮಿತಿ. 1900ರಿಂದ 1960 ಅಂತ ಹಾಕಿದ ಕೂಡಲೇ ಈಗಿನ ಸಾವಿರ ಲೇಖನ ಬದಿಗೆ ಸರಿದು ಹಳೆಯವು ಮೇಲೆ ಬಂದವು. ಆ ಅರ್ಧ ಗಂಟೆಯ ಸಿಗ್ನಲ್ಲಿನಲ್ಲಿ ಇದೊಂದೇ ಗುಂಡಿ ನನಗೆ ಎಷ್ಟು ಸಮಯ ಉಳಿಸಿತು ಅಂತ ಹೇಳತೀರದು.

ಹೀಗೆ ಹುಡುಕುವಾಗ ಮೇಲಿಂದ ಮೇಲೆ ಒಂದು ಹೆಸರು ಎದುರಾಗತೊಡಗಿತು. ಲೆಸ್ಲಿ ಕೋಲ್ಮನ್. ಕೆನಡಾದಿಂದ ಬಂದು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿ ಕೆಲಸ ಮಾಡಿದವರು. ಅಡಿಕೆಯ ಕೊಳೆರೋಗದ ಮೇಲೆ 1910ರಲ್ಲಿ ಅವರು ಒಂದು ಬುಲೆಟಿನ್ ಬರೆದಿದ್ದರು. ಈಗಿನ ಲೇಖನಗಳೆಲ್ಲ ಕೊನೆಯ ಪುಟದಲ್ಲಿ ಅದನ್ನೇ ಹೆಸರಿಸುತ್ತವೆ. ಒಂದು ಒಳ್ಳೆಯ ಲೇಖನ ಕೈಗೆ ಸಿಕ್ಕರೆ ಅದರ ಆಧಾರಗಳ ಪಟ್ಟಿ ಹಿಡಿದು ಹಿಂದಕ್ಕೆ ಹೋಗಬಹುದು. ಸ್ಕಾಲರಿನ "ಸೈಟೆಡ್ ಬೈ" ಒತ್ತಿದರೆ ಆ ಲೇಖನವನ್ನು ಆಮೇಲೆ ಯಾರು ಯಾರು ಬಳಸಿದರು ಅಂತ ಮುಂದಕ್ಕೂ ಬರಬಹುದು. ಶಬ್ದ ಹಾಕಿ ಹುಡುಕಿದ್ದಕ್ಕಿಂತ ಜಾಸ್ತಿ ನನಗೆ ಸಿಕ್ಕಿದ್ದು ಈ ಹಿಂದೆ ಮುಂದೆ ಓಡಾಡಿದ್ದರಿಂದಲೇ.

ರೋಗಾಣುವಿನ ಹೆಸರಿನ ಕಥೆಯೂ ಆಗ ಬಿಚ್ಚಿಕೊಂಡಿತು. ಕೋಲ್ಮನ್ ಇಟ್ಟ ಹೆಸರು "ಫೈಟಾಫ್ತೊರಾ ಓಮ್ನಿವೊರಾ"ದ ಒಂದು ಬಗೆ. ಕೆಲವೇ ವರ್ಷಕ್ಕೆ ಅದು "ಫೈಟಾಫ್ತೊರಾ ಅರೆಕೇ" ಆಯಿತು. ಈಗಿನವರು ಹೆಚ್ಚಾಗಿ ಬರೆಯುವುದು "ಫೈಟಾಫ್ತೊರಾ ಮಿಯಾಡಿಯೈ". ಈಗಿನ ಹೆಸರು ಹಾಕಿ ಹಳೆಯದನ್ನು ಹುಡುಕಿದರೆ ಹೇಗೆ ಸಿಗಬೇಕು? ಇಂಡೆಕ್ಸ್ ಫಂಗೋರಮ್ ಅಂತ ಒಂದು ಉಚಿತ ಡೇಟಾಬೇಸ್ ಇದೆ, ಶಿಲೀಂಧ್ರ ಮತ್ತು ಅಂಥ ಜೀವಿಗಳ ಹೆಸರುಗಳದ್ದೇ. ಒಂದು ಹೆಸರು ಹಾಕಿದರೆ ಯಾರು, ಯಾವ ವರ್ಷ, ಎಲ್ಲಿ ಪ್ರಕಟಿಸಿದರು ಅಂತ ಅಲ್ಲಿ ಬರುತ್ತದೆ. ಬೆಳೆ ರೋಗದ ಇತಿಹಾಸ ಹುಡುಕುವವರು ಅಲ್ಲಿಂದಲೇ ಶುರು ಮಾಡಿದರೆ ಒಳ್ಳೆಯದು.

ಬುಲೆಟಿನ್ನಿನ ಹೆಸರು ಗೊತ್ತಾಯಿತು, ಓದುವುದು ಹೇಗೆ? ಆಗಸ್ಟಿನಲ್ಲಿ ಒಂದು ಶನಿವಾರ ಬೆಳಿಗ್ಗೆಯ ಬಸ್ಸು ಹಿಡಿದು ಹುಬ್ಬಳ್ಳಿಗೆ, ಅಲ್ಲಿಂದ ಧಾರವಾಡಕ್ಕೆ ಹೋದೆ. ಒಂದು ದೊಡ್ಡ ಲೈಬ್ರರಿ. ಕ್ಯಾಟಲಾಗ್ ನೋಡುವ ಕಂಪ್ಯೂಟರ್ ಮುಂದೆ ಕೂತು, ನಾನು ಬರೆದು ತಂದಿದ್ದ ಹತ್ತು ಲೇಖನಗಳ ಹೆಸರನ್ನು ಒಂದೊಂದಾಗಿ ಹಾಕಿದೆ. ಒಂದೂ ಇಲ್ಲ. ಎರಡು ತಾಸು ಹೋಯಿತು. ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಕೌಂಟರಿನಲ್ಲಿದ್ದ ಹಿರಿಯರು ಎದ್ದು ಬಂದು ನನ್ನ ಚೀಟಿ ನೋಡಿದರು.

"ಮೇಡಂ, ಇವೆಲ್ಲ ಲೇಖನದ ಹೆಸರು ಅದಾವ್ರಿ. ಕ್ಯಾಟಲಾಗ್ ಒಳಗ ಹಾಕಿದ್ರ ಸಿಗಂಗಿಲ್ರಿ. ಪತ್ರಿಕೆ ಹೆಸರು ಹಾಕ್ರಿ."

ಇಷ್ಟು ದಿನ ಯಾರೂ ನನಗೆ ಇದನ್ನು ಹೇಳಿರಲಿಲ್ಲ. ಲೈಬ್ರರಿ ಕ್ಯಾಟಲಾಗಿಗೆ ಗೊತ್ತಿರುವುದು ಆ ಕಟ್ಟಡದಲ್ಲಿ ಯಾವ ಪುಸ್ತಕ, ಯಾವ ಪತ್ರಿಕೆಯ ಯಾವ ಸಂಪುಟ ಇದೆ ಅನ್ನುವುದು. ಪತ್ರಿಕೆಯ ಒಳಗೆ ಯಾವ ಲೇಖನ ಇದೆ ಅನ್ನುವುದು ಡೇಟಾಬೇಸಿಗೆ ಗೊತ್ತು. ಅಡಿಕೆಯ ಮಟ್ಟಿಗೆ ಹೇಳುವುದಾದರೆ, ಮೂಟೆ ಎಷ್ಟಿದೆ ಅಂತ ಕ್ಯಾಟಲಾಗ್ ಹೇಳುತ್ತದೆ, ಮೂಟೆಯೊಳಗೆ ರಾಶಿ ಅಡಿಕೆ ಎಷ್ಟು ಚಾಲಿ ಅಡಿಕೆ ಎಷ್ಟು ಅಂತ ಡೇಟಾಬೇಸ್ ಹೇಳುತ್ತದೆ. ಲೇಖನದ ಹೆಸರನ್ನು ಡೇಟಾಬೇಸಿನಲ್ಲಿ ಹುಡುಕಿ, ಪತ್ರಿಕೆಯ ಹೆಸರು, ಸಂಪುಟ, ವರ್ಷ ಬರೆದುಕೊಂಡು, ಆ ಪತ್ರಿಕೆ ಇದೆಯೋ ಅಂತ ಕ್ಯಾಟಲಾಗಿನಲ್ಲಿ ನೋಡಬೇಕು. ಪತ್ರಿಕೆಯ ಹೆಸರು ಹಾಕಿದೆ. ಹತ್ತರಲ್ಲಿ ಆರು ಆ ಕಟ್ಟಡದಲ್ಲೇ ಇದ್ದವು.

ಕೋಲ್ಮನ್ ಬುಲೆಟಿನ್ ಆಗಲೂ ಸಿಗಲಿಲ್ಲ. ಕೌಂಟರಿನ ಆ ಹಿರಿಯರೇ ಇನ್ನೊಂದು ದಾರಿ ತೋರಿಸಿದರು. ಸರಕಾರಿ ಪ್ರಕಟಣೆಯಾದ್ದರಿಂದ ಲೇಖಕರ ಜಾಗದಲ್ಲಿ ಕೋಲ್ಮನ್ ಬದಲು ಮೈಸೂರು ಕೃಷಿ ಇಲಾಖೆಯ ಹೆಸರು ಇರಬಹುದು ಅಂದರು. ಲೇಖಕ ಅಂದರೆ ಮನುಷ್ಯನೇ ಆಗಬೇಕು ಅಂತ ನಾನು ಅಂದುಕೊಂಡಿದ್ದೆ. ಇಲಾಖೆ, ಸಮಿತಿ, ಮಂಡಳಿ ಎಲ್ಲವೂ ಕ್ಯಾಟಲಾಗಿನಲ್ಲಿ ಲೇಖಕರೇ. ಆ ದಾರಿಯಲ್ಲಿ ಹೋಗಿ ಇಲಾಖೆಯ ಪ್ರಕಟಣೆಗಳ ಗುಂಪು ಕಂಡಿತು. ನಮಗೆ ಬೇಕಾದ ಬುಲೆಟಿನ್ ಆ ಗುಂಪಿನಲ್ಲಿ ಇರಲಿಲ್ಲ, ಆದರೆ ಹೇಗೆ ಕೇಳಬೇಕು ಅನ್ನುವುದು ತಿಳಿಯಿತು.

ಊಟದ ಹೊತ್ತಿನ ನಂತರ ಕಪಾಟುಗಳ ನಡುವೆ ಹೋದೆ. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ಪದ್ಧತಿಯಲ್ಲಿ 632 ಅಂದರೆ ಬೆಳೆಗಳಿಗೆ ಬರುವ ರೋಗ ಮತ್ತು ಕೀಟ. ಆ ಸಂಖ್ಯೆಯ ಮುಂದೆ ನಿಂತು ಎಡಕ್ಕೆ ಬಲಕ್ಕೆ ನೋಡಿದರೆ, ನಾನು ಯಾವ ಶಬ್ದ ಹಾಕಿದರೂ ಸಿಗದೇ ಇದ್ದ ಎರಡು ಪುಸ್ತಕ ಅಲ್ಲಿದ್ದವು. ಹೆಸರಿನಲ್ಲಿ ಅಡಿಕೆಯೂ ಇಲ್ಲ, ಕೊಳೆಯೂ ಇಲ್ಲ, ಒಳಗೆ ಒಂದೊಂದು ಅಧ್ಯಾಯವೇ ಇದೆ. ನಮ್ಮ ರಾಜ್ಯದ ಇತಿಹಾಸ 954.87ರಲ್ಲಿ, ಅದು ಬೇರೆ ಕೋಣೆ. ಒಂದೇ ಪ್ರಶ್ನೆಯ ಉತ್ತರ ಎರಡು ಕೋಣೆಯಲ್ಲಿ ಹರಡಿಕೊಂಡಿರುತ್ತದೆ. ಒಳ್ಳೆಯ ಪುಸ್ತಕ ಒಂದು ಸಿಕ್ಕರೆ ಕ್ಯಾಟಲಾಗಿಗೆ ಮರಳಿ ಅದರ ದಾಖಲೆ ತೆರೆದು, ಅಲ್ಲಿ ಲೈಬ್ರರಿಯವರು ಕೊಟ್ಟಿರುವ ವಿಷಯದ ಹೆಸರಿನ ಮೇಲೆ ಒತ್ತಿ. ಅದೇ ವಿಷಯದ ಉಳಿದವೆಲ್ಲ ಒಟ್ಟಿಗೆ ಬರುತ್ತವೆ, ಅವುಗಳ ಹೆಸರು ಏನೇ ಇರಲಿ.

ಪ್ರಬಂಧಗಳ ಬಗ್ಗೆ ಎರಡು ಮಾತು. ಶೋಧಗಂಗಾ ಎಂಬ ಜಾಲತಾಣದಲ್ಲಿ ನಮ್ಮ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳಿವೆ. ಕೃಷಿಕೋಶ ಎಂಬ ಇನ್ನೊಂದರಲ್ಲಿ ಕೃಷಿ ವಿಶ್ವವಿದ್ಯಾಲಯಗಳದ್ದಿವೆ, ಎಂಎಸ್ಸಿಯವೂ ಸೇರಿ. ಯಾರಿಗೂ ದುಡ್ಡು ಕೊಡಬೇಕಿಲ್ಲ. ನಾನು ನೇರವಾಗಿ ಎರಡನೇ ಅಧ್ಯಾಯಕ್ಕೆ ಹೋಗುತ್ತೇನೆ. ಅಲ್ಲಿ ಆ ವಿದ್ಯಾರ್ಥಿ ತನಗಿಂತ ಮೊದಲು ಯಾರು ಏನು ಮಾಡಿದರು ಅಂತ ವರ್ಷ ಸಮೇತ ಬರೆದಿರುತ್ತಾನೆ. ಪಾಪ, ಯಾವುದೋ ಹುಡುಗಿ ಎರಡು ವರ್ಷ ಕೂತು ಮಾಡಿದ ಕೆಲಸ ನನಗೆ ಒಂದು ಸಂಜೆಯಲ್ಲಿ ಸಿಕ್ಕಿತು. ಅವಳಿಗೆ ಮನಸ್ಸಿನಲ್ಲೇ ಕೈಮುಗಿದೆ.

ಕನ್ನಡದಲ್ಲಿ ಹುಡುಕುವುದು ಇನ್ನೂ ಕಷ್ಟ, ಇದು ನನಗೆ ಬೇಜಾರಿನ ವಿಷಯ. ಅಡಿಕೆ ಅಂತ ಹಾಕಿದರೆ ಅಡಕೆ ಬರುವುದಿಲ್ಲ. ಕೊಳೆರೋಗ ಕೂಡಿಸಿ ಬರೆದರೆ ಬಿಡಿಸಿ ಬರೆದದ್ದು ತಪ್ಪುತ್ತದೆ. ಕೆಲವು ಕ್ಯಾಟಲಾಗಿನಲ್ಲಿ ಕನ್ನಡ ಪುಸ್ತಕದ ಹೆಸರು ಇಂಗ್ಲಿಷ್ ಅಕ್ಷರದಲ್ಲಿರುತ್ತದೆ, ಅದರಲ್ಲೂ ಕೆಲವರು ಅಕ್ಷರದ ಕೆಳಗೆ ಚುಕ್ಕೆ ಇಟ್ಟು, ಕೆಲವರು ಇಡದೆ. ಯೂನಿಕೋಡ್ ಬರುವ ಮೊದಲು ಹಳೆಯ ಫಾಂಟಿನಲ್ಲಿ ತುಂಬಿದ ದಾಖಲೆಗಳು ತೆರೆದರೆ ಅರ್ಥವಿಲ್ಲದ ಗೀಚು. ಸ್ಕ್ಯಾನ್ ಮಾಡಿದ ಹಳೆಯ ಕನ್ನಡ ಪುಸ್ತಕದೊಳಗಿನ ಶಬ್ದವನ್ನು ಯಂತ್ರ ಎಷ್ಟೋ ಸಲ ತಪ್ಪು ಓದಿರುತ್ತದೆ. ನಾನು ಮಾಡಿದ್ದು ಇಷ್ಟೇ: ಒಂದೊಂದು ಕಾಗುಣಿತವನ್ನೂ ಬೇರೆ ಬೇರೆಯಾಗಿ ಹಾಕಿದೆ, ಶಬ್ದ ಗಿಡ್ಡ ಮಾಡಿದೆ, ಸಿಗದಿದ್ದರೆ ಲೇಖಕರ ಹೆಸರು ಅಥವಾ ಪ್ರಕಾಶಕರ ಹೆಸರಿನಿಂದ ಬಂದೆ. ನಮ್ಮ ಭಾಷೆಯ ಪುಸ್ತಕಗಳು ಇದ್ದೂ ಇಲ್ಲದ ಹಾಗೆ ಆಗಬಾರದು. ಊರಿನ ಲೈಬ್ರರಿಯಲ್ಲಿ ಯಾರಾದರೂ ದಾಖಲೆ ತುಂಬುತ್ತಿದ್ದರೆ ದಯವಿಟ್ಟು ಎರಡೂ ರೂಪ ತುಂಬಿ.

ಸೆಪ್ಟೆಂಬರಿನಲ್ಲಿ ಒಂದು ದಿನ, ಇದೇ ಹುಡುಕಾಟವನ್ನು ಮೂರನೇ ಸಲ ಮಾಡುತ್ತಿದ್ದೇನೆ ಅಂತ ಗೊತ್ತಾಯಿತು. ಅಂದಿನಿಂದ ಒಂದು ನೂರು ಪುಟದ ನೋಟ್‌ಬುಕ್ ಇಟ್ಟೆ. ತಾರೀಕು, ಎಲ್ಲಿ ಹುಡುಕಿದೆ, ಯಾವ ಶಬ್ದ ಹಾಕಿದೆ, ಏನು ಸಿಕ್ಕಿತು. ಏನೂ ಸಿಗದಿದ್ದರೆ ಅದನ್ನೂ ಬರೆದೆ.

ಬುಲೆಟಿನ್ನಿಗಾಗಿ ಬೇರೆ ಊರಿನ ಒಂದು ಲೈಬ್ರರಿಗೆ ಇಮೇಲ್ ಬರೆದೆ. ಮೊದಲ ಸಲ "ಅಡಿಕೆ ಕೊಳೆರೋಗದ ಹಳೆಯ ಪುಸ್ತಕ ಇದೆಯಾ" ಅಂತ ಕೇಳಿದ್ದೆ, ಉತ್ತರ ಬರಲಿಲ್ಲ. ಎರಡನೇ ಸಲ ಲೇಖಕರು, ಪೂರ್ತಿ ಹೆಸರು, ಇಲಾಖೆ, ಸರಣಿ, 1910, ಜೊತೆಗೆ ನನಗೆ ಯಾಕೆ ಬೇಕು ಅಂತ ಎರಡು ಸಾಲು ಬರೆದೆ. ಹತ್ತು ದಿನಕ್ಕೆ ಸ್ಕ್ಯಾನ್ ಮಾಡಿದ ಪುಟಗಳು ಬಂದವು. ಧರೆಯ ಮೇಲೆ ನಿಂತು ಅದು ಇಳಿಯುವವರೆಗೆ ಮುಕ್ಕಾಲು ಗಂಟೆ ಕಾದೆ.

ರಾತ್ರಿ ಊಟ ಆದ ಮೇಲೆ ಅಪ್ಪಯ್ಯನಿಗೆ ಓದಿ ಹೇಳಿದೆ, ಕನ್ನಡ ಮಾಡಿಕೊಂಡು. ಬೋರ್ಡೋ ಬರುವ ಮೊದಲು ರೈತರು ಮಳೆ ತಾಗದಂತೆ ಅಡಿಕೆ ಕೊನೆಗಳಿಗೆ ಕೊಟ್ಟೆ, ಅಂದರೆ ಹೊದಿಕೆ, ಕಟ್ಟುತ್ತಿದ್ದ ವಿಷಯ ಬಂತು. ಇಂಗ್ಲಿಷ್ ಅಕ್ಷರದಲ್ಲಿ ಕೊಟ್ಟೆ ಅಂತಲೇ ಇದೆ. ಅದನ್ನು ತೋರಿಸಿದಾಗ ಅಪ್ಪಯ್ಯ ಕನ್ನಡಕ ಹಾಕಿಕೊಂಡು ಆ ನಾಲ್ಕೈದು ಅಕ್ಷರವನ್ನು ತುಂಬಾ ಹೊತ್ತು ನೋಡಿದ. ಆಮೇಲೆ ಅವನ ಬಾಯಲ್ಲಿ ಮಾತು ಶುರುವಾಯಿತು. ಅವನ ಅಪ್ಪ ಕೊಟ್ಟೆ ಕಟ್ಟಿಸಿದ್ದು, ಒಂದು ಮರಕ್ಕೆ ಎಷ್ಟು ಹೊತ್ತು ಹಿಡಿಯುತ್ತಿತ್ತು, ಮನೆಗೆ ಔಷಧಿ ಹೊಡೆಯುವ ಮೊದಲ ಗಟಾರ್ ಪಂಪು ಬಂದ ವರ್ಷ ಊರ ಹುಡುಗರೆಲ್ಲ ನೋಡಲು ಬಂದದ್ದು.

"ಕೊಟ್ಟೆಯನ್ನು ಎಂತದರಲ್ಲಿ ಮಾಡ್ತಿದ್ದರು ಅಪ್ಪಯ್ಯ? ಅಡಿಕೆ ಹಾಳೆಯಲ್ಲಾ?"

"ಕೆಲವರು ಹಾಳೆಯಲ್ಲಿ. ನಮ್ಮಲ್ಲಿ ಕರಡದ್ದು. ಬ್ಯಾಣದಿಂದ ಕರಡ ತಂದು, ಮಳೆಗಾಲಕ್ಕೆ ಮೊದಲು ಹೆಣೆದು ಅಟ್ಟದಲ್ಲಿ ಇಡ್ತಿದ್ದರು."

ಕರಡ. ಬ್ಯಾಣದ, ಅಂದರೆ ಹುಲ್ಲುಗಾವಲಿನ ಹುಲ್ಲು. ಈ ಶಬ್ದ ನನ್ನ ಕ್ಯಾಲೆಂಡರ್ ಹಾಳೆಯಲ್ಲಿ ಇರಲೇ ಇಲ್ಲ. ಮುಂಬೈ ಕಡೆಯ ಅಧಿಕಾರಿಗಳು ಶಿರಸಿಯ ತೋಟ ನೋಡಿ ಬರೆದಿದ್ದರೆ ಈ ಹುಲ್ಲಿನ ಹೆಸರು ಖಂಡಿತ ಅವರ ಕಿವಿಗೆ ಬಿದ್ದಿರುತ್ತದೆ. ಆ ಕ್ಯಾಲೆಂಡರ್ ಹಾಳೆ ತಂದು ಔಷಧಿಯ ಕಂಬದಲ್ಲಿ, ಬ್ಲೂ ವಿಟ್ರಿಯಾಲ್ ಕೆಳಗೆ ಕೊಟ್ಟೆ ಅಂತ ಬರೆದೆ, ಅದರ ಕೆಳಗೆ ಕರಡ, ಇಂಗ್ಲಿಷಿನಲ್ಲಿ ಮೂರು ಬಗೆಯ ಕಾಗುಣಿತದಲ್ಲಿ. ಮಾರನೇ ದಿನ ಶಾಲೆಯಿಂದ ಬಂದವಳೇ ಕೊಡೆ ತಗೊಂಡು ಧರೆ ಹತ್ತಿದೆ.